ಬೆಳಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ಮೇಲೆ: ವಸಂತದ ತಕಯಾಮಾದಲ್ಲಿ ಎರಡು ರಾತ್ರಿ

ಜಪಾನಿನ ತಕಯಾಮಾ ಊರಿನ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಕಾಲಿಡಲು ಜಾಗವಿಲ್ಲ, ಬರೀ ಅಂಗಡಿ, ಬರೀ ಜನ ಅನ್ನುವುದು ಒಂದು. ಹೊಳೆಯ ಸದ್ದು ಬಿಟ್ಟರೆ ಬೇರೆ ಸದ್ದೇ ಇಲ್ಲ ಅನ್ನುವುದು ಇನ್ನೊಂದು. ಎರಡೂ ನಿಜ, ಎರಡೂ ಅದೇ ಬೀದಿಯ ಮಾತು. ವ್ಯತ್ಯಾಸ ಇರುವುದು ಗಡಿಯಾರದಲ್ಲಿ. ಹೊರಗಿನಿಂದ ಬರುವ ಪ್ರವಾಸಿ ಬಸ್ಸುಗಳು ಬೆಳಗ್ಗೆ ಹತ್ತರ ಹೊತ್ತಿಗೆ ಊರು ತುಂಬುತ್ತವೆ, ನಾಲ್ಕರ ಹೊತ್ತಿಗೆ ಬಂದವರನ್ನೆಲ್ಲ ಹತ್ತಿಸಿಕೊಂಡು ಹೊರಟುಬಿಡುತ್ತವೆ. ಹಳೆಯ ಪೇಟೆ ಅಂದರೆ ಇರುವುದೇ ಮೂರು ಇಕ್ಕಟ್ಟಾದ ಬೀದಿ. ಆ ಆರು ಗಂಟೆಗಳಲ್ಲಿ ಅಲ್ಲಿಗೆ ಹೋದವರು ಊರನ್ನು ನೋಡುವುದಿಲ್ಲ, ಒಬ್ಬರನ್ನೊಬ್ಬರು ನೋಡಿಕೊಂಡು ಬರುತ್ತಾರೆ.

ಹಾಗಾಗಿ ಏನು ನೋಡಬೇಕು ಅನ್ನುವುದಕ್ಕಿಂತ ಯಾವುದನ್ನು ಯಾವ ಹೊತ್ತಿಗೆ ನೋಡಬೇಕು ಅನ್ನುವುದನ್ನೇ ಇವತ್ತು ಹೆಚ್ಚಾಗಿ ಹೇಳುತ್ತೇನೆ. ಲೆಕ್ಕ ಸುಲಭದ್ದು. ಬೆಳಗ್ಗೆ ಒಂಬತ್ತರವರೆಗಿನ ಹೊತ್ತು, ಸಂಜೆ ನಾಲ್ಕರ ಮೇಲಿನ ಹೊತ್ತು ಬೀದಿಗೆ. ನಡುವಿನದು ಮನೆಗಳ ಒಳಕ್ಕೆ, ಇಲ್ಲವೇ ಗುಡ್ಡಕ್ಕೆ. ಇದು ಕೂಡಿಬರಬೇಕಾದರೆ ಅಲ್ಲಿ ಎರಡು ರಾತ್ರಿ ತಂಗಬೇಕು. ಒಂದು ರಾತ್ರಿ ತಂಗಿದರೆ ಒಂದು ಸಂಜೆ, ಒಂದು ಬೆಳಗ್ಗೆ ಮಾತ್ರ ಸಿಗುತ್ತದೆ, ಅದರಲ್ಲೂ ಅರ್ಧ ಪೆಟ್ಟಿಗೆ ಕಟ್ಟುವುದರಲ್ಲೇ ಹೋಗುತ್ತದೆ.

ಮೊದಲು ಊರಿನ ಕಥೆ ಸ್ವಲ್ಪ ಬೇಕು. ಅದು ತಿಳಿಯದಿದ್ದರೆ ಅಲ್ಲಿನ ಮನೆಗಳು ಬರೀ ಕಪ್ಪು ಮರದ ಸಾಲಿನಂತೆ ಕಾಣುತ್ತವೆ. ಹೊನ್ಶು ದ್ವೀಪದ ನಟ್ಟನಡುವೆ, ಗಿಫು ಪ್ರಾಂತ್ಯದ ಉತ್ತರಕ್ಕೆ ಹಿದಾ ಅನ್ನುವ ಬೆಟ್ಟಸೀಮೆ ಇದೆ. ತಕಯಾಮಾ ಅದರ ಮುಖ್ಯ ಊರು, ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರ. 2005ರಲ್ಲಿ ಸುತ್ತಲಿನ ಹಳ್ಳಿಗಳನ್ನೆಲ್ಲ ಸೇರಿಸಿಕೊಂಡ ಮೇಲೆ ವಿಸ್ತೀರ್ಣದಲ್ಲಿ ಜಪಾನಿನ ಅತಿ ದೊಡ್ಡ ನಗರಸಭೆ ಇದೇ, ಸುಮಾರು 2,178 ಚದರ ಕಿ.ಮೀ. ಹೆಚ್ಚುಕಡಿಮೆ ನಮ್ಮ ಬೆಂಗಳೂರು ನಗರ ಜಿಲ್ಲೆಯಷ್ಟು. ಜನ ಮಾತ್ರ ಲಕ್ಷಕ್ಕೂ ಕಡಿಮೆ. ಉಳಿದದ್ದು ಬಹುಪಾಲು ಕಾಡು.

ಅಕ್ಕಿ ಹೆಚ್ಚು ಬೆಳೆಯದ ಈ ಸೀಮೆ ಕಂದಾಯ ಕೊಡುವುದು ಹೇಗೆ? ಎಂಟನೆಯ ಶತಮಾನದ ಕಾನೂನಿನಲ್ಲಿ ಹಿದಾಕ್ಕೆಂದೇ ಒಂದು ವಿಶೇಷ ಏರ್ಪಾಡು ಇತ್ತು. ಬಟ್ಟೆ ಮುಂತಾದ ರೂಪದಲ್ಲಿ ಕೊಡಬೇಕಿದ್ದ ತೆರಿಗೆ ಮಾಫಿ, ಬದಲಿಗೆ ಐವತ್ತು ಮನೆಗಳ ಪ್ರತಿ ಹಳ್ಳಿಯೂ ಹತ್ತು ಆಳುಗಳನ್ನು ರಾಜಧಾನಿಯ ಬಡಗಿ ಕೆಲಸಕ್ಕೆ ಕಳಿಸಬೇಕು. ನಾರಾ, ಕ್ಯೋಟೋಗಳ ಅರಮನೆ, ಗುಡಿಗಳ ಕೆಲಸ ಮಾಡಿ ಕೈ ಪಳಗಿಸಿಕೊಂಡು ಈ ಬಡಗಿಗಳು ಊರಿಗೆ ಮರಳುತ್ತಿದ್ದರು. ಅವರನ್ನು ಕರೆಯುತ್ತಿದ್ದದ್ದೇ ಹಿದಾ ನೊ ತಕುಮಿ, ಹಿದಾದ ಕುಶಲಕರ್ಮಿಗಳು ಅಂತ. ಊರಿನ ತುಂಬ ಮರಗೆಲಸ ಯಾಕೆ ಅಷ್ಟು ಚೆನ್ನಾಗಿದೆ ಅನ್ನುವುದಕ್ಕೆ ಉತ್ತರ ಈ ತೆರಿಗೆಯಲ್ಲಿದೆ.

ಕೋಟೆ ಕಟ್ಟಿ ಪೇಟೆ ಹಾಕಿಸಿದವನು ಕನಮೊರಿ ನಗಚಿಕಾ. 1588ರಲ್ಲಿ ಕೆಲಸ ಶುರುವಾಯಿತು. ಕ್ಯೋಟೋವನ್ನು ಮನಸ್ಸಿನಲ್ಲಿಟ್ಟುಕೊಂಡು ನೇರ ಬೀದಿಗಳು, ಪೂರ್ವದ ಗುಡ್ಡದ ಬುಡಕ್ಕೆ ಸಾಲಾಗಿ ಗುಡಿಗಳು. ಕನಮೊರಿಗಳ ಆರು ತಲೆಮಾರು ಆಳಿದ ಮೇಲೆ 1692ರಲ್ಲಿ ತೋಕುಗಾವಾ ಮನೆತನದ ಶೋಗನ್, ಅಂದರೆ ಸೇನಾಡಳಿತಗಾರರ, ಸರ್ಕಾರ ಅವರನ್ನು ದೂರದ ಸೀಮೆಗೆ ವರ್ಗ ಮಾಡಿ ಹಿದಾವನ್ನು ತನ್ನ ನೇರ ಆಡಳಿತಕ್ಕೆ ತೆಗೆದುಕೊಂಡಿತು. ಕಾರಣ ಮತ್ತೆ ಕಾಡು: ಒಳ್ಳೆಯ ಮರ, ಜೊತೆಗೆ ಗಣಿ. 1695ರಲ್ಲಿ ಕೋಟೆಯನ್ನು ಕೆಡವಿಸಿದರು. ಅರಸು ಮನೆತನ ಹೋಯಿತು, ಸಮುರಾಯ್‌ಗಳೂ ಬಹುಪಾಲು ಹೋದರು, ಉಳಿದವರು ವರ್ತಕರು ಮತ್ತು ಬಡಗಿಗಳು. ದುಡ್ಡಿರುವವರು, ಕೈಕಸುಬು ಇರುವವರು. ಆದರೆ ವರ್ತಕರು ಅಂತಸ್ತು ಮೀರಿ ಮನೆ ಕಟ್ಟುವಂತಿರಲಿಲ್ಲ. ಆದ್ದರಿಂದ ಹೊರಗಿನಿಂದ ತಗ್ಗಿದ ಸೂರು, ಬೀದಿಯ ಕಡೆ ಒತ್ತಾದ ಮರದ ಸರಳು, ಕಪ್ಪು ಬಣ್ಣ. ವೈಭವವೆಲ್ಲ ಒಳಗೆ. ಒಳಗೂ ಸಾಲದೆ ಉಳಿದ ದುಡ್ಡು ಹಬ್ಬದ ರಥಗಳಿಗೆ ಹೋಯಿತು. ಅದರ ಮಾತು ಕೊನೆಗೆ ಬರುತ್ತದೆ.

ಈಗ ಯಾವಾಗ ಹೋಗಬೇಕು ಅನ್ನುವುದು. ಟೋಕಿಯೊ, ಕ್ಯೋಟೋಗಳಲ್ಲಿ ಸಕುರಾ, ಅಂದರೆ ಚೆರ್ರಿ ಹೂವು, ಅರಳುವುದು ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರದಲ್ಲಿ. ತಕಯಾಮಾದಲ್ಲಿ ವಸಂತ ತಡ. ಸಾಮಾನ್ಯವಾಗಿ ಏಪ್ರಿಲ್ ನಡುವಿಗೆ ಹೂವು ತುಂಬುತ್ತದೆ, ಕೆಲವು ವರ್ಷ ನಾಲ್ಕೈದು ದಿನ ಹಿಂದೆ ಮುಂದೆ. ಟೋಕಿಯೊದಲ್ಲಿ ಹೂವು ತಪ್ಪಿಸಿಕೊಂಡವರಿಗೆ ಇದು ಎರಡನೆಯ ಅವಕಾಶ. ವಸಂತದ ಹಬ್ಬ, ಸನ್ನೋ ಮತ್ಸುರಿ, ಪ್ರತಿ ವರ್ಷ ಏಪ್ರಿಲ್ 14 ಮತ್ತು 15. ತಾರೀಕು ಬದಲಾಗುವುದಿಲ್ಲ, ಭಾನುವಾರ ನೋಡಿ ಮುಂದೂಡುವುದಿಲ್ಲ. ಹಬ್ಬದ ರಾತ್ರಿಗಳಿಗೆ ಊರೊಳಗಿನ ಕೋಣೆಗಳು ತಿಂಗಳುಗಟ್ಟಲೆ ಮುಂಚೆ ಮುಗಿದುಹೋಗಿರುತ್ತವೆ, ಬೆಲೆಯೂ ಹತ್ತಿರ ಸೇರಿಸುವುದಿಲ್ಲ.

ನೀವು ಹೊರಟಿರುವುದು ವಿಶ್ರಾಂತಿಗೆ ಎಂದಾದರೆ ನನ್ನ ಸಲಹೆ ಒಂದೇ: ಹಬ್ಬ ಬಿಡಿ, 16ರಿಂದ 20ರ ನಡುವೆ ಹೋಗಿ. ಹೂವು ಬಹುಮಟ್ಟಿಗೆ ಇರುತ್ತದೆ, ಇಲ್ಲವೇ ಉದುರುತ್ತಿರುತ್ತದೆ. ಉದುರುವುದನ್ನು ನೋಡುವುದೂ ಕಡಿಮೆಯದಲ್ಲ, ಮಿಯಗಾವಾ ಹೊಳೆಯ ಮೇಲೆ ಎಸಳು ತೇಲಿಹೋಗುತ್ತಿರುತ್ತದೆ. ಏಪ್ರಿಲ್ 29ರಿಂದ ಮೇ 5ರವರೆಗೆ ಜಪಾನಿಗರಿಗೇ ಸಾಲು ರಜೆ, ಆ ವಾರ ಮಾತ್ರ ಬೇಡ. ಚಳಿಯ ವಿಷಯದಲ್ಲಿ ಮೋಸ ಹೋಗಬೇಡಿ. ಮಧ್ಯಾಹ್ನ 16, 17 ಡಿಗ್ರಿ ಹಿತವಾಗಿರುತ್ತದೆ, ಬೆಳಗಿನ ಜಾವ 3, 4 ಡಿಗ್ರಿಗೆ ಇಳಿಯುತ್ತದೆ. ಬೆಳಗಿನ ನಡಿಗೆಯೇ ಈ ಪ್ರವಾಸದ ಜೀವ. ಹಾಗಾಗಿ ಟೋಪಿ, ಕೈಗವಸು, ದಪ್ಪ ಕಾಲುಚೀಲ ಇರಲಿ. ಕಾಲುಚೀಲಕ್ಕೆ ಇನ್ನೊಂದು ಕಾರಣವಿದೆ: ಹಳೆಯ ಮನೆಗಳಲ್ಲೆಲ್ಲ ಚಪ್ಪಲಿ, ಶೂ ಬಿಟ್ಟು ಒಳಗೆ ಹೋಗಬೇಕು, ಏಪ್ರಿಲ್‌ನಲ್ಲೂ ಆ ಹಲಗೆ ನೆಲ ಹಿಮದಂತಿರುತ್ತದೆ. ದಿನಕ್ಕೆ ಹತ್ತು ಸಲ ಬಿಚ್ಚಿ ಹಾಕಬೇಕಾದ್ದರಿಂದ ಲೇಸು ಕಟ್ಟುವ ಶೂ ಬೇಡ.

ಹೋಗುವ ದಾರಿ. ಟೋಕಿಯೊದಿಂದ ನೊಜೊಮಿ ಬುಲೆಟ್ ರೈಲಿನಲ್ಲಿ ನಗೋಯಾ, ಒಂದು ಗಂಟೆ ನಲವತ್ತು ನಿಮಿಷ. ನಗೋಯಾದಿಂದ ಹಿದಾ ಎಕ್ಸ್‌ಪ್ರೆಸ್, ಸುಮಾರು 167 ಕಿ.ಮೀ., ಎರಡೂ ಕಾಲು, ಎರಡೂವರೆ ಗಂಟೆ. ಇಲ್ಲಿ ನಾಲ್ಕು ಕಡೆ ಜನ ಎಡವುತ್ತಾರೆ.

ಒಂದು, ಈ ರೈಲಿಗೆ ಎರಡು ಟಿಕೆಟ್ ಬೇಕು. ದೂರದ ಮೂಲ ದರದ್ದು ಒಂದು, ಎಕ್ಸ್‌ಪ್ರೆಸ್ ಶುಲ್ಕದ್ದು ಇನ್ನೊಂದು. ಎರಡೂ ಸೇರಿ ಒಂದು ದಿಕ್ಕಿಗೆ ಆರು ಸಾವಿರ ಯೆನ್ ಚಿಲ್ಲರೆ. ನಗರಗಳಲ್ಲಿ ಗೇಟಿಗೆ ತಾಗಿಸಿ ಓಡಾಡುವ ಸುಯಿಕಾದಂಥ ಕಾರ್ಡನ್ನು ಈ ಬೆಟ್ಟದ ಹಳಿಯ ಮೇಲೆ ನಂಬಿಕೊಳ್ಳಬೇಡಿ. ನಗೋಯಾದಲ್ಲಿ ಕಾರ್ಡ್ ತಾಗಿಸಿ ಒಳಹೊಕ್ಕು, ಇಳಿದಲ್ಲಿ ಹೊರಬರಲಾಗದೆ ಕಿಟಕಿಯ ಮುಂದೆ ಕೈಕಟ್ಟಿ ನಿಲ್ಲುವುದು ಮಾಮೂಲಿ ಫಜೀತಿ. ಕಾಗದದ ಟಿಕೆಟ್ ತೆಗೆದುಕೊಳ್ಳಿ.

ಎರಡು, ರೈಲು ಹತ್ತಿದ ಕೂಡಲೇ ಸೀಟೆಲ್ಲ ಹಿಂದುಮುಂದಾಗಿ ಕಾಣುತ್ತದೆ. ತಪ್ಪು ರೈಲಲ್ಲ. ನಗೋಯಾದಿಂದ ಗಿಫುವರೆಗೆ ಇಪ್ಪತ್ತು ನಿಮಿಷ ಬೆನ್ನುಮುಖವಾಗಿ ಹೋಗಿ, ಗಿಫುವಿನಲ್ಲಿ ರೈಲು ದಿಕ್ಕು ಬದಲಿಸುತ್ತದೆ. ಆಮೇಲೆ ಎರಡು ಗಂಟೆ ಮುಖ ಮುಂದಕ್ಕೆ. ಸೀಟು ತಿರುಗಿಸಲು ಹೋಗಿ ಹಿಂದಿನವರ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಳ್ಳಬೇಡಿ. ಯಾವ ಪಕ್ಕದ ಕಿಟಕಿ ಒಳ್ಳೆಯದು ಅಂತಲೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಳಿ ಹಿದಾ ಹೊಳೆಯನ್ನು ಮತ್ತೆ ಮತ್ತೆ ದಾಟುವುದರಿಂದ ಕಣಿವೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ.

ಮೂರು, ಜಪಾನ್ ರೈಲ್ ಪಾಸ್. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸಿನ ಬೆಲೆ 50,000 ಯೆನ್‌ಗೆ ಏರಿತು. ಟೋಕಿಯೊ–ನಗೋಯಾ ಹೋಗಿಬರಲು ಸುಮಾರು 22,000, ನಗೋಯಾ–ತಕಯಾಮಾಕ್ಕೆ ಸುಮಾರು 12,000, ಒಟ್ಟು 35,000ದ ಒಳಗೆ. ಈ ಸಣ್ಣ ಪ್ರವಾಸಕ್ಕೆ ಪಾಸು ತೆಗೆದರೆ ನಷ್ಟ. ಅದೂ ಅಲ್ಲದೆ ನೊಜೊಮಿ ಹತ್ತಲು ಪಾಸಿನವರು ಮೇಲೆ ಬೇರೆ ದುಡ್ಡು ಕೊಡಬೇಕು.

ನಾಲ್ಕು, ಪೆಟ್ಟಿಗೆ. ಮೂವತ್ತು ಕೆ.ಜಿ.ಯ ಸೂಟ್‌ಕೇಸ್ ಹೊತ್ತು ತಕಯಾಮಾಗೆ ಹೋಗಬೇಡಿ. ಅಲ್ಲಿನ ಹಳೆಯ ವಸತಿಗಳಲ್ಲಿ ಲಿಫ್ಟ್ ಇರುವುದಿಲ್ಲ, ತತಾಮಿ ಚಾಪೆಯ ಮೇಲೆ ಚಕ್ರದ ಪೆಟ್ಟಿಗೆ ಉರುಳಿಸುವಂತಿಲ್ಲ. ತಕ್ಯೂಬಿನ್ ಅಂತ ಮನೆಬಾಗಿಲಿಗೆ ಸಾಮಾನು ತಲುಪಿಸುವ ಸೇವೆ ಇದೆ. ನೀವಿರುವ ಹೋಟೆಲಿನ ಕೌಂಟರಿನಲ್ಲಿ ಕೊಟ್ಟು, ಮುಂದೆ ತಂಗುವ ಹೋಟೆಲಿನ ವಿಳಾಸ, ಅಲ್ಲಿಗೆ ತಲುಪುವ ತಾರೀಕು ಬರೆದರೆ ಆಯಿತು. ಒಂದು ಪೆಟ್ಟಿಗೆಗೆ ಎರಡು ಮೂರು ಸಾವಿರ ಯೆನ್. ಟೋಕಿಯೊದಿಂದ ಪೆಟ್ಟಿಗೆಯನ್ನು ನೇರ ಕ್ಯೋಟೋಗೋ ಒಸಾಕಾಗೋ ಕಳಿಸಿಬಿಟ್ಟು, ಎರಡು ರಾತ್ರಿಯ ಬಟ್ಟೆಯ ಚೀಲವೊಂದನ್ನೇ ಬೆನ್ನಿಗೆ ಹಾಕಿಕೊಂಡು ತಕಯಾಮಾಗೆ ಹೋಗುವುದು ಎಲ್ಲಕ್ಕಿಂತ ಹಗುರ.

ಮೊದಲ ದಿನ ಮಧ್ಯಾಹ್ನ ಎರಡೂವರೆ ಮೂರರ ಹೊತ್ತಿಗೆ ಇಳಿಯುವ ರೈಲು ಹಿಡಿಯಿರಿ. ನಿಲ್ದಾಣ ಊರಿನ ಪಶ್ಚಿಮಕ್ಕೆ, ಹಳೆಯ ಪೇಟೆ ಹೊಳೆಯಾಚೆ ಪೂರ್ವಕ್ಕೆ, ನಡುವೆ ಹತ್ತು ನಿಮಿಷದ ನಡಿಗೆ. ಚೀಲ ಇಟ್ಟು ನೇರ ಜಿನ್ಯಾಗೆ ಹೋಗಿ. ಜಿನ್ಯಾ ಅಂದರೆ ಶೋಗನ್ ಸರ್ಕಾರದ ಕಚೇರಿ, ನಮ್ಮ ಮಾತಿನಲ್ಲಿ ಹೇಳುವುದಾದರೆ ಹುಜೂರ್ ಕಚೇರಿ. ದೇಶದಲ್ಲಿ ಇಂಥವು ಅರವತ್ತರಷ್ಟಿದ್ದವಂತೆ, ಮುಖ್ಯ ಕಟ್ಟಡ ಉಳಿದಿರುವುದು ಇದೊಂದರದ್ದೇ. 1969ರವರೆಗೂ ಇದು ಸರ್ಕಾರಿ ಕಚೇರಿಯಾಗಿಯೇ ನಡೆಯುತ್ತಿತ್ತು. ಏಪ್ರಿಲ್‌ನಲ್ಲಿ ಐದರವರೆಗೆ ತೆರೆದಿರುತ್ತದೆ, ಮೂರೂವರೆಗೆ ಒಳಹೊಕ್ಕರೆ ಗುಂಪುಗಳು ಹೊರಬೀಳುವ ಹೊತ್ತು.

ಒಳಗೆ ಓಡಬೇಡಿ. ನೆಲ ನೋಡಿಕೊಂಡು ನಡೆಯಿರಿ: ಕೋಣೆ ಬದಲಾದಂತೆ ತತಾಮಿಯ ಅಂಚುಪಟ್ಟಿ ಬದಲಾಗುತ್ತದೆ. ದೊಡ್ಡ ಅಧಿಕಾರಿಗೆ ಒಂದು ಬಗೆ, ಗುಮಾಸ್ತನಿಗೆ ಇನ್ನೊಂದು, ಅದಕ್ಕೂ ಕೆಳಗಿನವರಿಗೆ ಅಂಚೇ ಇಲ್ಲ. ಯಾರು ಎಲ್ಲಿ ಕೂರಬೇಕು ಅನ್ನುವುದನ್ನು ಚಾಪೆಯೇ ಹೇಳುತ್ತದೆ. ತೊಲೆಗಳ ಮೇಲೆ ಮೊಳೆ ಮುಚ್ಚಲು ಇಟ್ಟ ಲೋಹದ ಪುಟ್ಟ ಮೊಲದ ಮುಖಗಳಿವೆ, ಮಕ್ಕಳಿದ್ದರೆ ಎಣಿಸಲು ಬಿಡಿ. ಹಿತ್ತಲಿಗೆ ಬಂದರೆ ಅಕ್ಕಿ ಕಣಜ. ಕೋಟೆ ಕೆಡವಿದ 1695ರಲ್ಲಿ ಅಲ್ಲಿಂದ ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದ್ದು. ಅದರ ಗೋಡೆಯನ್ನು ಮೂಲೆಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿ. ನೆಟ್ಟಗಿಲ್ಲ, ಮೇಲಕ್ಕೆ ಹೋದಂತೆ ಒಳಕ್ಕೆ ವಾಲಿದೆ, ನಾಲ್ಕೂ ಕಡೆ. ಬಡಗಿಯ ತಪ್ಪಲ್ಲ ಅದು. ತೆರಿಗೆಯ ಅಕ್ಕಿ ಮೂಟೆಗಳನ್ನು ಸೂರಿನವರೆಗೆ ಪೇರಿಸಿದಾಗ ಅವು ಗೋಡೆಯನ್ನು ಹೊರಕ್ಕೆ ದೂಡುತ್ತವೆ. ಆ ಒತ್ತಡಕ್ಕೆ ಎದುರಾಗಲಿ ಅಂತಲೇ ಮೊದಲೇ ಒಳಕ್ಕೆ ಓರೆ ಕೊಟ್ಟಿದ್ದಾರೆ. ಆ ಮೂಟೆಗಳ ಹಿಂದೆ ಇನ್ನೊಂದು ಕಥೆಯೂ ಇದೆ. ತೆರಿಗೆ ಏರಿಸಿದ್ದಕ್ಕೆ 1771ರಿಂದ ಹದಿನೆಂಟು ವರ್ಷ ಹಿದಾದ ರೈತರು ಬಿಟ್ಟು ಬಿಟ್ಟು ದಂಗೆ ಎದ್ದರು. ವಿಚಾರಣೆ ನಡೆಯುತ್ತಿದ್ದ ಜಾಗವೂ ಇದೇ ಕಟ್ಟಡದಲ್ಲಿದೆ.

ಜಿನ್ಯಾದಿಂದ ಹೊರಬಂದರೆ ಎದುರಿಗೇ ನಕಬಾಶಿ, ಕೆಂಪು ಸೇತುವೆ, ಪಕ್ಕದಲ್ಲಿ ಸಕುರಾ. ಅದನ್ನು ದಾಟಿದರೆ ಸನ್‌ಮಾಚಿ, ಅಂದರೆ ಹಳೆಯ ಪೇಟೆಯ ಮೂರು ಬೀದಿ. 1979ರಿಂದ ಸರ್ಕಾರದ ಸಂರಕ್ಷಿತ ಪ್ರದೇಶ. ಐದರ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕತೊಡಗುತ್ತವೆ. ಎಲ್ಲ ಮುಚ್ಚಿಬಿಟ್ಟಿತಲ್ಲ ಅಂತ ಪೇಚಾಡಬೇಡಿ, ಬೀದಿ ಕಾಣತೊಡಗುವುದು ಆಗಲೇ. ಸೂರಿನ ಕೆಳಗೆ ಎರಡೂ ಬದಿ ಹರಿಯುವ ಸಣ್ಣ ಕಾಲುವೆಯ ಸದ್ದು ಕೇಳುತ್ತದೆ. ಬೆಂಕಿ ಬಿದ್ದರೆ ನೀರಿಗೆ, ಚಳಿಗಾಲದಲ್ಲಿ ಹಿಮ ಕರಗಿಸಲಿಕ್ಕೆ ಅದು. ಮರದ ಊರಿಗೆ ಬೆಂಕಿಯೇ ದೊಡ್ಡ ಭಯ. ಅಲ್ಲಲ್ಲಿ ಬೆಂಕಿಯಿಂದ ಕಾಯುವ ದೇವರ ಪುಟ್ಟ ಗುಡಿಗಳೂ ಕಾಣುತ್ತವೆ.

ಕೆಲವು ಬಾಗಿಲುಗಳ ಮೇಲೆ ಕುಂಬಳಕಾಯಿಗಿಂತ ದೊಡ್ಡ ಉಂಡೆಯೊಂದು ತೂಗುತ್ತಿರುತ್ತದೆ. ಸುಗಿದಾಮಾ ಅದು, ಸುಗಿ ಮರದ ಎಲೆಗಳನ್ನು ಒತ್ತಾಗಿ ಚುಚ್ಚಿ ಚೆಂಡಿನಂತೆ ಕತ್ತರಿಸಿದ್ದು. ಸಾಕೆ, ಅಂದರೆ ಅಕ್ಕಿಯ ಮದ್ಯದ, ಭಟ್ಟಿಯ ಗುರುತು. ಚಳಿಗಾಲದಲ್ಲಿ ಹೊಸ ಸಾಕೆ ಹಿಂಡಿದಾಗ ಹಚ್ಚಹಸಿರು ಉಂಡೆ ಕಟ್ಟುತ್ತಾರೆ. ಎಲೆ ಒಣಗಿ ಕಂದಾಗುತ್ತ ಹೋದಂತೆ ಒಳಗಿನ ಸಾಕೆಯೂ ಹದವಾಗುತ್ತ ಬಂದಿದೆ ಅಂತ ಲೆಕ್ಕ. ಏಪ್ರಿಲ್‌ನಲ್ಲಿ ಹಸಿರು ಇನ್ನೂ ಪೂರ್ತಿ ಹೋಗಿರುವುದಿಲ್ಲ. ಕುಡಿಯದವರಿಗೂ ಇದು ಬೀದಿಯ ಒಳ್ಳೆಯ ಕ್ಯಾಲೆಂಡರು.

ರಾತ್ರಿ ಊಟ ತಡ ಮಾಡುವಂತಿಲ್ಲ. ಎಂಟು ಗಂಟೆಗೆ ಹೋಟೆಲ್ ಹುಡುಕಿಕೊಂಡು ಹೊರಟರೆ ಸಿಗುವುದು ನಿಲ್ದಾಣದ ಬಳಿಯ ಸಣ್ಣ ಅಂಗಡಿಯ ಅನ್ನದ ಉಂಡೆ ಮಾತ್ರ. ಆರಕ್ಕೇ ಕೂರಬೇಕು. ರಿಯೋಕಾನ್‌ನಲ್ಲಿ, ಅಂದರೆ ಸಾಂಪ್ರದಾಯಿಕ ವಸತಿಯಲ್ಲಿ ಉಂಡರಂತೂ ಆರು, ಆರೂವರೆ ಅಂತ ಅವರೇ ಹೊತ್ತು ಗೊತ್ತುಮಾಡುತ್ತಾರೆ. ಅಲ್ಲಿ ಕೊಡುವ ಯುಕಾತಾ ಅನ್ನುವ ಹತ್ತಿಯ ನಿಲುವಂಗಿ ಉಡುವಾಗ ಎಡಭಾಗ ಬಲಭಾಗದ ಮೇಲೆ ಬರಬೇಕು. ತಿರುವುಮುರುವು ಉಡಿಸುವುದು ಹೆಣಕ್ಕೆ. ಸ್ನಾನದ ಕೊಳಕ್ಕೆ ಇಳಿಯುವ ಮುನ್ನ ಹೊರಗೆ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಳ್ಳಬೇಕು. ಕೊಳ ಕೊಳೆ ಕಳೆಯಲಿಕ್ಕಲ್ಲ, ಮೈ ಕಾಯಿಸಲಿಕ್ಕೆ.

ಈಗ ನಿಮ್ಮಲ್ಲಿ ಅರ್ಧಕ್ಕರ್ಧ ಜನರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ: ಸಸ್ಯಾಹಾರಿಗಳ ಗತಿ ಏನು? ಮೀನಿನ ತುಂಡು ತಟ್ಟೆಯಲ್ಲಿ ಕಂಡರೆ ಪಕ್ಕಕ್ಕಿಡಬಹುದು. ತೊಂದರೆ ಇರುವುದು ಕಾಣದ ಮೀನಿನಲ್ಲಿ. ದಾಶಿ ಅನ್ನುವ ತಿಳಿಸಾರು ಜಪಾನಿ ಅಡುಗೆಯ ಬುನಾದಿ, ಒಣಗಿಸಿ ಹೊಗೆಯಾಡಿಸಿದ ಕತ್ಸುಓ ಮೀನಿನ ಹೆರೆತವನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದ್ದು. ಹುದುಗಿಸಿದ ಸೋಯಾ ಮುದ್ದೆಯ ಮಿಸೊ ಸಾರಿಗೆ ಅದು, ಬೇಯಿಸಿದ ತರಕಾರಿಗೆ ಅದು, ಸೋಬಾ ಶಾವಿಗೆ ಅದ್ದಿಕೊಳ್ಳುವ ರಸಕ್ಕೂ ಅದು. ಹಿದಾದಲ್ಲಿ ಹುಲ್ಲಿನಲ್ಲಿ ಸುತ್ತಿ ಬೇಯಿಸುವ ಕೊಮೊ ತೋಫು ಅನ್ನುವ ಒಳ್ಳೆಯ ತಿಂಡಿ ಇದೆ, ಸಾಮಾನ್ಯವಾಗಿ ಅದೂ ದಾಶಿಯಲ್ಲೇ ಕುದಿದಿರುತ್ತದೆ. 'ವೆಜಿಟೇರಿಯನ್' ಅಂದರೆ ಎಷ್ಟೋ ಕಡೆ ಮಾಂಸ ತೆಗೆದು ಬಡಿಸುತ್ತಾರೆ, ದಾಶಿ ಅವರ ಲೆಕ್ಕಕ್ಕೇ ಬರುವುದಿಲ್ಲ. ಅದರಲ್ಲಿ ಮೋಸವೇನಿಲ್ಲ, ಅವರಿಗೆ ಅದು ಉಪ್ಪಿದ್ದ ಹಾಗೆ.

ಆದ್ದರಿಂದ ಈ ಮಾತನ್ನು ಬಾಯಿಪಾಠ ಮಾಡಿಕೊಳ್ಳಿ: 'ನಿಕು ತೊ ಸಕಾನಾ ವ ತಬೆಮಾಸೆನ್. ಕತ್ಸುಓ ದಾಶಿ ಮೊ ತಬೆಮಾಸೆನ್.' ಮಾಂಸ, ಮೀನು ತಿನ್ನುವುದಿಲ್ಲ, ಕತ್ಸುಓ ದಾಶಿಯನ್ನೂ ತಿನ್ನುವುದಿಲ್ಲ ಅಂತ. ಅದಕ್ಕೆ 'ಕೊಂಬು ದಾಶಿ ನರಾ ದೈಜೋಬು' ಅಂತ ಸೇರಿಸಿ. ಸಮುದ್ರದ ಪಾಚಿಯ ದಾಶಿಯಾದರೆ ಅಡ್ಡಿಯಿಲ್ಲ ಅಂತ ಅರ್ಥ. ಹೀಗೆ ಹೇಳಿದರೆ ಅಡುಗೆಯವರಿಗೆ ಬರೀ ನಿಷೇಧವಲ್ಲ, ಒಂದು ದಾರಿಯೂ ಸಿಗುತ್ತದೆ. ರಿಯೋಕಾನ್ ಆದರೆ ಇದನ್ನು ಕೋಣೆ ಕಾದಿರಿಸುವಾಗಲೇ ಬರೆಯಬೇಕು. ಸಂಜೆ ಬಂದು ಬಾಗಿಲಲ್ಲಿ ಹೇಳಿದರೆ ಹತ್ತು ಬಟ್ಟಲಿನ ಊಟದಲ್ಲಿ ಎಂಟು ಬಟ್ಟಲು ನಿಮಗೆ ಬಾರದು, ಅವರಿಗೂ ಮುಖಭಂಗ. ಆಗುವುದಿಲ್ಲ ಅಂದರೆ ಬೇಜಾರು ಬೇಡ, ಸುದೊಮಾರಿ ಅಂತ ಕೇಳಿ, ಅಂದರೆ ಊಟವಿಲ್ಲದೆ ಕೋಣೆ ಮಾತ್ರ. ಊಟ ಹೊರಗೆ ನೋಡಿಕೊಳ್ಳಬಹುದು.

ಗುಡಿಗಳ ಊರಾದ್ದರಿಂದ ತಕಯಾಮಾದಲ್ಲಿ ಶೋಜಿನ್ ರಿಯೋರಿ ಅನ್ನುವ ಮಠದ ಅಡುಗೆಯ ಪರಂಪರೆ ಇದೆ. ಮಾಂಸ, ಮೀನು ಇಲ್ಲ, ಕಟ್ಟುನಿಟ್ಟಾಗಿ ಮಾಡಿದರೆ ಈರುಳ್ಳಿ, ಬೆಳ್ಳುಳ್ಳಿಯ ಜಾತಿಯೂ ಇಲ್ಲ. ನಮ್ಮ ಏಕಾದಶಿ, ಚಾತುರ್ಮಾಸ್ಯದ ಮನೆಗಳವರಿಗೆ ಈ ಶಿಸ್ತು ಹೊಸದೇನಲ್ಲ. ಮುಂಗಡ ಹೇಳಿರಬೇಕು, ದುಬಾರಿ. ಎರಡು ರಾತ್ರಿಯಲ್ಲಿ ಒಂದು ಊಟ ಇದಕ್ಕೆ ಮೀಸಲಿಡಿ.

ಬೀದಿಯಲ್ಲಿ ಸುಲಭಕ್ಕೆ ಸಿಗುವುದು ದಾಂಗೊ. ಅಕ್ಕಿಹಿಟ್ಟಿನ ಐದು ಉಂಡೆ ಕಡ್ಡಿಗೆ ಚುಚ್ಚಿ, ಕೆಂಡದ ಮೇಲೆ ಸುಟ್ಟು, ಸೋಯಾ ಸಾಸಿನಲ್ಲಿ ಅದ್ದಿ ಮತ್ತೆ ಸುಡುತ್ತಾರೆ. ಬೇರೆ ಊರುಗಳಲ್ಲಿ ಇದು ಸಿಹಿ ಪಾಕದ್ದು, ಇಲ್ಲಿ ಉಪ್ಪುಪ್ಪು. ನಡೆದುಕೊಂಡು ತಿನ್ನಬೇಡಿ, ಅಂಗಡಿಯ ಮುಂದೆಯೇ ನಿಂತು ತಿಂದು ಕಡ್ಡಿಯನ್ನು ಅಲ್ಲೇ ಕೊಟ್ಟುಬಿಡಿ. ಊರಲ್ಲಿ ಕಸದ ಡಬ್ಬಿ ಸಿಗುವುದು ಅಪರೂಪ.

ಇನ್ನು ಹೋಬಾ ಮಿಸೊ. ನಮ್ಮ ಮುತ್ತುಗದೆಲೆಗಿಂತ ದೊಡ್ಡದಾದ, ಒಂದಡಿಗೂ ಉದ್ದದ ಹೋ ಮರದ ಒಣ ಎಲೆ. ಅದರ ಮೇಲೆ ಮಿಸೊ, ಹೆಚ್ಚಿದ ಈರುಳ್ಳಿಸೊಪ್ಪು, ಅಣಬೆ. ಮೇಜಿನ ಮೇಲಿನ ಪುಟ್ಟ ಒಲೆಯಲ್ಲಿ ನೀವೇ ಕಾಯಿಸಿಕೊಳ್ಳಬೇಕು. ಎಲೆಯನ್ನು ಮೊದಲೇ ನೀರಿನಲ್ಲಿ ನೆನೆಸಿರುತ್ತಾರೆ, ಇಲ್ಲದಿದ್ದರೆ ಹೊತ್ತಿಕೊಳ್ಳುತ್ತದೆ. ಅಂಚಿನಲ್ಲಿ ಮಿಸೊ ಗುಳುಗುಳು ಅನ್ನುವವರೆಗೆ ಕಾಯಿರಿ. ಆಮೇಲೆ ಅಂಚಿನಿಂದ ನಡುವಿಗೆ ಎಳೆದು ಕಲಸುತ್ತ ಇರಿ. ಬಿಟ್ಟು ಮಾತಿಗೆ ಕೂತರೆ ತಳ ಸೀದು ಕಹಿಯಾಗುತ್ತದೆ. ಹದ ಬಂದಾಗ ಸುಟ್ಟ ಎಲೆಯ ವಾಸನೆ ಅದಕ್ಕೆ ಹತ್ತುತ್ತದೆ. ಒಂದು ತುತ್ತಿಗೆ ಅವರೆಕಾಳಿನಷ್ಟು ಸಾಕು, ನಮ್ಮ ಗೊಜ್ಜಿನಂತೆ ಸುರಿದುಕೊಂಡರೆ ಉಪ್ಪು ತಡೆಯಲಾಗದು. ದಾಶಿಯ ಪ್ರಶ್ನೆ ಇಲ್ಲೂ ಕೇಳಿಯೇ ತಿನ್ನಿ.

ಎರಡನೆಯ ದಿನ ಅಲಾರಂ ಐದೂವರೆಗೆ. ಏಪ್ರಿಲ್ ನಡುವೆ ಅಲ್ಲಿ ಐದೂಕಾಲಕ್ಕೆಲ್ಲ ಹೊತ್ತು ಮೂಡಿರುತ್ತದೆ. ಆರಕ್ಕೆ ನಕಬಾಶಿಯ ಮೇಲೆ ನಿಂತರೆ ಸೇತುವೆ ನಿಮ್ಮದೇ. ಏಳಕ್ಕೆ ಬೆಳಗಿನ ಸಂತೆ, ಜಿನ್ಯಾದ ಮುಂದೆ ಒಂದು, ಮಿಯಗಾವಾ ದಂಡೆಯುದ್ದಕ್ಕೆ ಇನ್ನೊಂದು. ಮಧ್ಯಾಹ್ನದವರೆಗೆ ಅಂತ ಬರೆದಿದ್ದರೂ ಹತ್ತರ ಮೇಲೆ ಹೋದರೆ ಸಂತೆಯಲ್ಲ, ನೂಕುನುಗ್ಗಲು. ಚಿಲ್ಲರೆ ಇಟ್ಟುಕೊಳ್ಳಿ, ನೂರರ, ಐನೂರರ ನಾಣ್ಯ. ತರಕಾರಿ ಮಾರುವ ಅಜ್ಜಿಯರು ಹತ್ತು ಸಾವಿರದ ನೋಟು ನೋಡಿದರೆ ಮುಖ ಸಣ್ಣ ಮಾಡುತ್ತಾರೆ. ಕೆಂಪು ಮೂಲಂಗಿಯಂಥ ಅಕಕಾಬು ಗಡ್ಡೆಯ ಉಪ್ಪಿನಕಾಯಿ ಕೊಳ್ಳಲೇಬೇಕಾದ್ದು. ಸಿಪ್ಪೆಯ ಬಣ್ಣವೇ ಇಳಿದು ಇಡೀ ಗಡ್ಡೆ ಗುಲಾಬಿಯಾಗಿರುತ್ತದೆ. ವಸಂತದಲ್ಲಿ ಕಾಡುಸೊಪ್ಪುಗಳೂ ಬರತೊಡಗುತ್ತವೆ. ಸುರುಳಿ ಸುತ್ತಿದ ಎಳೆಯ ಜರೀಗಿಡ ಕೊಗೊಮಿ ಕಂಡರೆ, ಕೊಡಗಿನವರು ತೆರ್ಮೆ ತೊಪ್ಪು ಅಂತ ಗುರುತು ಹಿಡಿದುಬಿಡುತ್ತಾರೆ. ಜಾತಿ ಬೇರೆ, ಬಳಗ ಅದೇ.

ಹತ್ತರಿಂದ ಮೂರೂವರೆವರೆಗೆ ಬೀದಿ ಬಿಟ್ಟುಕೊಡಿ. ಸಂತೆಯ ಉತ್ತರದ ತುದಿಯಿಂದ ಐದು ನಿಮಿಷಕ್ಕೆ ಕುಸಕಾಬೆ ಮನೆ, ಅದಕ್ಕೆ ಅಂಟಿಕೊಂಡೇ ಯೊಶಿಜಿಮಾ ಮನೆ. ಕುಸಕಾಬೆಯವರದ್ದು ಬೆಂಕಿಗೆ ಹೋಗಿ 1879ರಲ್ಲಿ ಮತ್ತೆ ಕಟ್ಟಿದ್ದು, ದಪ್ಪ ತೊಲೆ, ಗಂಡು ಗತ್ತು. ಯೊಶಿಜಿಮಾ 1907ರದ್ದು. ಎರಡರಲ್ಲಿ ಒಂದನ್ನೇ ನೋಡುವುದಾದರೆ ನಾನು ಯೊಶಿಜಿಮಾ ಅನ್ನುತ್ತೇನೆ. ಬಾಗಿಲು ದಾಟಿದ ಕೂಡಲೇ ಮಣ್ಣುನೆಲದ ಅಂಗಳದ ಮೇಲೆ ಸೂರಿನವರೆಗೆ ಅಟ್ಟವಿಲ್ಲದ ಖಾಲಿ ಜಾಗ, ಕಂಬ ತೊಲೆಗಳ ಹೆಣಿಗೆ, ಮೇಲಿನ ಕಿಟಕಿಯಿಂದ ಅದರ ಮೇಲೆ ಬೀಳುವ ಬೆಳಕು. ಬಿಸಿಲು ಏರಿದ ಮೇಲೆ ಆ ಬೆಳಕು ಚೆನ್ನ, 'ಮಧ್ಯಾಹ್ನ ಒಳಕ್ಕೆ' ಅನ್ನುವ ಲೆಕ್ಕಕ್ಕೆ ಅದೂ ಒಂದು ಕಾರಣ. ವಾರದ ರಜೆ ಎರಡಕ್ಕೂ ಒಂದೇ ಅಲ್ಲ, ಹಿಂದಿನ ದಿನವೇ ವಸತಿಯಲ್ಲಿ ಕೇಳಿಟ್ಟುಕೊಳ್ಳಿ.

ಮಧ್ಯಾಹ್ನದ ಮೇಲೆ ಹಿಗಾಶಿಯಾಮಾ, ಕನಮೊರಿಗಳು ಹಾಕಿಸಿದ ಗುಡಿಸಾಲು. ಮೂರೂವರೆ ಕಿಲೋಮೀಟರ್, ನಿಂತು ಕೂತು ಹೋದರೆ ಎರಡು ಗಂಟೆ. ಸನ್‌ಮಾಚಿಯಿಂದ ಕೂಗಳತೆಯಲ್ಲಿದ್ದರೂ ಬಸ್ಸಿನ ಜನ ಇತ್ತ ಬರುವುದು ಕಡಿಮೆ. ದಾರಿ ಕೊನೆಗೆ ಹಳೆಯ ಕೋಟೆಯ ಗುಡ್ಡ ಶಿರೊಯಾಮಾ ಸೇರುತ್ತದೆ. ಕಲ್ಲು ಬುನಾದಿ ಬಿಟ್ಟರೆ ಕೋಟೆ ಏನೂ ಉಳಿದಿಲ್ಲ. ಕರಡಿ ಎಚ್ಚರಿಕೆಯ ಫಲಕ ಇದೆ, ತಮಾಷೆಗಲ್ಲ, ಮೇಲಿನ ಕಾಡುದಾರಿಗೆ ಒಬ್ಬರೇ ಮುಸ್ಸಂಜೆ ಹೋಗಬೇಡಿ. ಗುಡ್ಡದ ಮೇಲಿರುವ ಶೋರೆನ್‌ಜಿ ಗುಡಿಯನ್ನು ಮಾತ್ರ ಬಿಡಬೇಡಿ. 1504ರ ಕಟ್ಟಡ, ಮೂಲತಃ ಇಲ್ಲಿಯದಲ್ಲ. ಶೋಕಾವಾ ಕಣಿವೆಯಲ್ಲಿ ಮಿಬೊರೊ ಅಣೆಕಟ್ಟು ಕಟ್ಟಿದಾಗ ಮುಳುಗಬೇಕಿದ್ದ ಗುಡಿಯನ್ನು ಬಿಚ್ಚಿ ತಂದು ಇಲ್ಲಿ ಜೋಡಿಸಿದರು. ಅದೇ ಕಣಿವೆಯ ಎರಡು ಮುದಿ ಸಕುರಾ ಮರಗಳನ್ನೂ 1960ರಲ್ಲಿ ಕಿತ್ತು ಎತ್ತರಕ್ಕೆ ಸಾಗಿಸಿ ನೆಟ್ಟರು, ಈಗಲೂ ಅಣೆಕಟ್ಟಿನ ದಂಡೆಯಲ್ಲಿ ಹೂಬಿಡುತ್ತವೆ. ಶರಾವತಿಯ ಮುಳುಗಡೆ ಕಂಡ ಸೀಮೆಯವರಿಗೆ ಇದರ ಮೇಲೆ ಹೆಚ್ಚು ಹೇಳಬೇಕಿಲ್ಲ.

ಮರದ ಮಾತು ಬಂದದ್ದಕ್ಕೆ: ಮೂರನೆಯ ದಿನ ಬೆಳಗ್ಗೆ ಸಮಯವಿದ್ದರೆ ಒಂದು ನಿಲ್ದಾಣ ಹಿಂದಿನ ಹಿದಾ ಇಚಿನೊಮಿಯಾಗೆ ಹೋಗಿಬನ್ನಿ. ರೈಲಿನಲ್ಲಿ ಹತ್ತು ನಿಮಿಷವೂ ಇಲ್ಲ. ನಿಲ್ದಾಣದ ಬೆನ್ನಿಗೇ ಗರ್ಯೂ ಸಕುರಾ, ಮಲಗಿದ ಡ್ರ್ಯಾಗನ್‌ನಂತೆ ನೆಲದುದ್ದಕ್ಕೆ ಚಾಚಿಕೊಂಡ ಮರ, ವಯಸ್ಸು 1,100 ವರ್ಷ ಅನ್ನುತ್ತಾರೆ. ಲೋಕಲ್ ರೈಲು ಗಂಟೆಗಟ್ಟಲೆ ಇರುವುದಿಲ್ಲ, ವಾಪಸಿನ ಹೊತ್ತು ನೋಡಿಕೊಂಡೇ ಇಳಿಯಿರಿ.

ಶಿರಕಾವಾಗೋ ಹೋಗಬೇಕೋ ಬೇಡವೋ? 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಆ ಹುಲ್ಲುಸೂರಿನ ಹಳ್ಳಿಗೆ ಬಸ್ಸಿನಲ್ಲಿ ಐವತ್ತು ನಿಮಿಷ. ಎರಡೇ ರಾತ್ರಿ ಇದ್ದರೆ ಬೇಡ. ಏಪ್ರಿಲ್ ನಡುವೆ ಅಲ್ಲಿ ಕರಗುವ ಹಿಮದ ಕೊಳಕು, ಇನ್ನೂ ನೀರು ಕಟ್ಟದ ಗದ್ದೆ. ಸೂರಿನ ಕಟ್ಟುಗಾರಿಕೆ ನೋಡುವ ಆಸೆಗೆ ಊರಿಂದ ಬಸ್ಸಿನಲ್ಲಿ ಹತ್ತು ನಿಮಿಷದ ಹಿದಾ ನೊ ಸಾತೊ ಸಾಕು. ಸುತ್ತಲಿನ ಹಳ್ಳಿಗಳಿಂದ ತಂದು ನಿಲ್ಲಿಸಿದ ಮನೆಗಳು ಕೊಳದ ಸುತ್ತ ಇವೆ.

ಕೊನೆಗೆ ಹಬ್ಬ. ಇಷ್ಟು ಹೇಳಿದ ಮೇಲೂ ಹಬ್ಬಕ್ಕೇ ಹೋಗುತ್ತೇವೆ ಅನ್ನುವವರು ಇದ್ದೇ ಇರುತ್ತಾರೆ, ಅವರನ್ನು ತಪ್ಪು ಅನ್ನಲಾರೆ. ಹಿಯೆ ಗುಡಿಯ ಹಬ್ಬಕ್ಕೆ ಹನ್ನೆರಡು ಯತಾಯ್, ಅಂದರೆ ರಥಗಳು, ಹೊರಬರುತ್ತವೆ. 2016ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ರಥೋತ್ಸವಗಳಲ್ಲಿ ಇದೂ ಒಂದು. ಮೂರು ರಥಗಳ ಮೇಲೆ ಕರಕುರಿ, ಸೂತ್ರದ ಗೊಂಬೆಗಳು. ರ್‍ಯೂಜಿನ್‌ತಾಯ್ ರಥದಲ್ಲಿ ಹುಡುಗನ ಗೊಂಬೆ ಒಂದು ಹೂಜಿಯನ್ನು ಹೊತ್ತುಕೊಂಡು ತುದಿಗೆ ಬರುತ್ತದೆ, ಹೂಜಿ ತೆರೆದು ಕೆಂಪು ಕೂದಲಿನ ನಾಗದೇವತೆ ಎದ್ದು ಕುಣಿಯುತ್ತದೆ. ಒಳಗೆ ಅಡಗಿ ಕೂತವರು ಎಳೆಯುವುದು 32 ದಾರ. ಆಟ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಒಂದು ಗಂಟೆ ಮುಂಚೆ ನಿಲ್ಲದಿದ್ದರೆ ಮುಂದಿನವರ ಫೋನೇ ಕಾಣುವುದು. ಲಾಟೀನು ಹಚ್ಚಿದ ರಾತ್ರಿ ಮೆರವಣಿಗೆ 14ರಂದು ಮಾತ್ರ, 15ಕ್ಕೆ ಬಂದವರಿಗೆ ಇಲ್ಲ. ಮೆರವಣಿಗೆ ನೋಡಲು ನೇರ ಬೀದಿಯಲ್ಲಿ ನಿಲ್ಲಬೇಡಿ, ತಿರುವಿನಲ್ಲಿ ನಿಲ್ಲಿ. ಈ ರಥಗಳ ಚಕ್ರ ಉರುಳುತ್ತದೆ, ಪಕ್ಕಕ್ಕೆ ತಿರುಗುವುದಿಲ್ಲ. ಮೂಲೆ ಬಂದಾಗ ಅಡಿಯಿಂದ ಇನ್ನೊಂದು ಗಾಲಿಯನ್ನು, ಮೊದೊಶಿ ಗುರುಮಾವನ್ನು, ಇಳಿಸಿ, ರಥದ ಒಂದು ಕೊನೆಯನ್ನು ಎತ್ತಿ, ಅದರ ಮೇಲೆ ಇಡೀ ರಥವನ್ನು ಸುತ್ತಿಸುತ್ತಾರೆ. ಮೇಲಿನ ತೂಗುದೀಪಗಳೆಲ್ಲ ಒಟ್ಟಿಗೆ ಹೊಯ್ದಾಡುತ್ತವೆ.

ಮಳೆ ಬಂದರೆ? ತುಂತುರು ಬಿದ್ದರೂ ರಥ ಹೊರಗೆ ಬರುವುದಿಲ್ಲ. ಅರಗಿನ ಲೇಪ, ಚಿನ್ನದ ರೇಕು, ನೂರಾರು ವರ್ಷದ ಬಟ್ಟೆ, ನೀರು ತಾಗಿಸುವಂತಿಲ್ಲ. ವಿಮಾನ ಹಿಡಿದು ಬಂದವರು ಅವತ್ತು ಅಳುಮೋರೆ ಹಾಕಿಕೊಂಡು ಕಾಫಿ ಅಂಗಡಿ ಸೇರುತ್ತಾರೆ. ನೀವು ಹಾಗೆ ಮಾಡಬೇಡಿ. ಪ್ರತಿ ರಥಕ್ಕೂ ಅದರ ಕೇರಿಯಲ್ಲೇ ಎತ್ತರದ ಗಾರೆ ಗೋಡೆಯ ಕೊಟ್ಟಿಗೆ ಇದೆ, ಯತಾಯ್‌ಗುರಾ. ಮಳೆಯ ದಿನ ಅದರ ಭಾರಿ ಬಾಗಿಲುಗಳನ್ನು ತೆರೆದಿಡುತ್ತಾರೆ. ನಿಲ್ದಾಣದ ಮುಂದಿನ ಮಾಹಿತಿ ಕೇಂದ್ರದಲ್ಲಿ ನಕ್ಷೆ ಕೇಳಿ ಪಡೆದು, ಛತ್ರಿ ಹಿಡಿದು ಕೇರಿಯಿಂದ ಕೇರಿಗೆ ನಡೆಯಿರಿ. ಮೆರವಣಿಗೆಯಲ್ಲಿ ಜನರ ತಲೆಯ ಮೇಲೆ ಕಾಣುವ ರಥ ಇಲ್ಲಿ ಎರಡು ಮಾರು ದೂರದಲ್ಲಿ ಸುಮ್ಮನೆ ನಿಂತಿರುತ್ತದೆ. ಬಗ್ಗಿ ನೋಡಿದರೆ ಅಡಿಯಲ್ಲಿ ಆ ತಿರುವುಗಾಲಿಯೂ ಕಾಣಬಹುದು.